ಮೇಲೆ ಐಸ್ ಆಗ್ತದೆ, ಕೆಳಗೆ ಹಾಲು ಹಾಳಾಗ್ತದೆ: ಗ್ಯಾಸ್ ತುಂಬಿಸುವ ಮೊದಲು ಇದನ್ನು ಮಾಡಿ

ಪ್ರಶ್ನೆ: ನಮ್ಮದು ಕಾಪುವಿನಲ್ಲಿ ಕಡಲ ಬದಿಯ ಮನೆ. 250 ಲೀಟರಿನ ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್ ಉಂಟು, ಎಂಟು ವರ್ಷ ಆಯ್ತು. ಹತ್ತು ದಿನದಿಂದ ಕೆಳಗಿನ ಭಾಗ ತಣ್ಣಗೆ ಆಗುತ್ತಿಲ್ಲ. ಬೆಳಿಗ್ಗೆ ಕಾಯಿಸಿ ಇಟ್ಟ ಹಾಲು ರಾತ್ರಿಗೆ ಒಡೆಯುತ್ತದೆ. ದೋಸೆ ಹಿಟ್ಟು ಒಂದೇ ದಿನಕ್ಕೆ ಹುಳಿ. ಆದರೆ ಮೇಲೆ ಫ್ರೀಜರಿನಲ್ಲಿ ಐಸ್ ಆಗುತ್ತದೆ, ಐಸ್‌ಕ್ರೀಮ್ ಮಾತ್ರ ಮೆತ್ತಗೆ. ಟ್ರಾಲಿಂಗ್ ಬಂದ್ ಆಗುವ ಮೊದಲು ತಂದ ಬಂಗುಡೆ, ಬೂತಾಯಿ ಫ್ರೀಜರ್ ತುಂಬ ಉಂಟು. ಬಂದ ಮೆಕ್ಯಾನಿಕ್ ಐದು ನಿಮಿಷ ನೋಡಿ ‘ಗ್ಯಾಸ್ ಹೋಗಿದೆ, ಕಂಪ್ರೆಸರ್ ಕೂಡ ವೀಕ್, ಹೊಸದು ತೆಗೊಳ್ಳುವುದೇ ಒಳ್ಳೆಯದು’ ಎಂದರು. ಏನು ಮಾಡುವುದು?

ಉತ್ತರ: ಸದ್ಯಕ್ಕೆ ಗ್ಯಾಸ್‌ಗೆ ದುಡ್ಡು ಕೊಡಬೇಡಿ. ಹೊಸ ಫ್ರಿಜ್ ನೋಡಲಿಕ್ಕೂ ಹೋಗಬೇಡಿ. ನೀವು ಬರೆದದ್ದನ್ನು ಓದಿದರೆ ನನಗೆ ಮೊದಲ ಅನುಮಾನ ಬರುವುದು ಗ್ಯಾಸಿನ ಮೇಲಲ್ಲ, ಕೂಲಿಂಗ್ ಕಾಯಿಲ್‌ಗೆ ಕಟ್ಟಿದ ಐಸಿನ ಮೇಲೆ. ಅದು ಹೌದೋ ಅಲ್ಲವೋ ಎಂದು ನೋಡಲು ಎರಡು ದಿನ ಸಾಕು, ಹೆಚ್ಚು ಖರ್ಚೂ ಇಲ್ಲ. ಆದರೆ ಅದಕ್ಕೂ ಮೊದಲು ಮೀನಿನ ವಿಷಯ ಹೇಳಬೇಕು. ಫ್ರಿಜ್ ನಾಳೆ ಸರಿ ಮಾಡಬಹುದು, ಮೀನು ಕಾಯುವುದಿಲ್ಲ.

ಬಂಗುಡೆ, ಬೂತಾಯಿ, ಕೇದರ ಇಂಥ ಮೀನುಗಳು ತಣ್ಣಗೆ ಇಲ್ಲದಿದ್ದರೆ ಅವುಗಳಲ್ಲಿ ಹಿಸ್ಟಮೈನ್ ಎಂಬ ಪದಾರ್ಥ ಬೆಳೆಯುತ್ತದೆ. ಅದನ್ನು ತಿಂದರೆ ಮುಖ ಕೆಂಪಾಗುವುದು, ಮೈ ತುರಿಕೆ, ತಲೆನೋವು, ವಾಂತಿ ಆಗಬಹುದು. ಕೆಲವರಿಗೆ ಊಟ ಮುಗಿಸಿ ಅರ್ಧ ಗಂಟೆಯೊಳಗೇ ಶುರುವಾಗುತ್ತದೆ. ಗೊತ್ತಿರಬೇಕಾದ ಮಾತು ಏನೆಂದರೆ, ಎಷ್ಟೇ ಕುದಿಸಿದರೂ, ಹುರಿದರೂ ಇದು ಹೋಗುವುದಿಲ್ಲ. ಮತ್ತೆ ಫ್ರೀಜ್ ಮಾಡಿದರೂ ಹೋಗುವುದಿಲ್ಲ. ವಾಸನೆ ನೋಡಿ ‘ಪರವಾಗಿಲ್ಲ’ ಎಂದು ಹೇಳಲಿಕ್ಕೂ ಆಗುವುದಿಲ್ಲ. ಹಾಗಾಗಿ ಈಗಲೇ ಒಂದೊಂದು ಪ್ಯಾಕೆಟ್ ಮುಟ್ಟಿ ನೋಡಿ. ಕಲ್ಲಿನ ಹಾಗೆ ಗಟ್ಟಿ ಇದ್ದರೆ, ಅಥವಾ ಒಳಗೆ ಇನ್ನೂ ಐಸಿನ ಹರಳು ಇದ್ದರೆ ಅದು ಉಳಿಯುತ್ತದೆ. ಪೂರ್ತಿ ಕರಗಿ ಮೆತ್ತಗಾಗಿ, ಯಾವಾಗ ಕರಗಿತು ಎಂದೇ ಗೊತ್ತಿಲ್ಲದಿದ್ದರೆ ಎಸೆದುಬಿಡಿ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಎರಡು ಯೋಚನೆ ಬೇಡ. ಉಳಿದದ್ದನ್ನು ನೆರೆಮನೆಯ ಫ್ರೀಜರಿಗೆ ಕೊಡಿ. ಆಗದಿದ್ದರೆ ಮೀನು ಮಾರುವವರ ಹತ್ತಿರ ಇರುತ್ತದಲ್ಲ, ಅಂಥ ಥರ್ಮಾಕೋಲ್ ಬಾಕ್ಸಿನಲ್ಲಿ ಜಜ್ಜಿದ ಐಸಿನ ನಡುವೆ ಇಡಿ. ಅಡಿಯಲ್ಲಿ ಐಸ್, ಮೇಲೆ ಮೀನು, ಮತ್ತೆ ಐಸ್. ಆದರೆ ಐಸ್ ಪೆಟ್ಟಿಗೆ ಫ್ರೀಜರ್ ಅಲ್ಲ. ಅದರಲ್ಲಿ ಒಂದು ದಿನದ ಮಟ್ಟಿಗೆ ಇಡಬಹುದು, ಅದೂ ಐಸ್ ಕರಗಿದ ಹಾಗೆ ಹೊಸದು ಹಾಕುತ್ತಾ.

ಈಗ ಫ್ರಿಜ್ ಕಡೆಗೆ ಬರುವ. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಮೇಲೊಂದು ಕೆಳಗೊಂದು ಎಂದು ಎರಡು ಕೂಲಿಂಗ್ ಇರುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ನಿಮ್ಮಂಥ ಸಾಮಾನ್ಯ ಡಬಲ್ ಡೋರ್‌ನಲ್ಲಿ ಹಾಗಿಲ್ಲ. ತಂಪು ಹುಟ್ಟುವುದು ಒಂದೇ ಕಡೆ, ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್‌ನ ಒಳಗೆ. ಅಲ್ಲಿ ಅಲ್ಯೂಮಿನಿಯಂ ರೆಕ್ಕೆಗಳಿರುವ ಒಂದು ಕಾಯಿಲ್ ಉಂಟು, ಒಂದು ಸಣ್ಣ ಫ್ಯಾನ್ ಉಂಟು. ಫ್ಯಾನ್ ತಣ್ಣನೆ ಗಾಳಿಯನ್ನು ಫ್ರೀಜರಿಗೆ ಊದುತ್ತದೆ. ಅದರಲ್ಲಿ ಸ್ವಲ್ಪ ಪಾಲು ಒಂದು ಕಿಂಡಿಯ ಮೂಲಕ ಕೆಳಗೆ ಇಳಿಯುತ್ತದೆ. ಕೆಳಗಿನ ಹಾಲು, ಹಿಟ್ಟು, ತರಕಾರಿ ಬದುಕುವುದು ಆ ಗಾಳಿಯಿಂದ ಮಾತ್ರ.

ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವದ ಗಾಳಿ ಒಳಗೆ ಹೋಗುತ್ತದೆ. ಆ ತೇವ ಕಾಯಿಲ್ ಮೇಲೆ ಐಸಾಗಿ ಕೂರುತ್ತದೆ. ಇದು ಎಲ್ಲ ಫ್ರಿಜ್‌ನಲ್ಲೂ ಆಗುವುದೇ. ಅದಕ್ಕೆಂದೇ ಕಾಯಿಲ್ ಕೆಳಗೆ ಒಂದು ಹೀಟರ್ ಇಟ್ಟಿರುತ್ತಾರೆ. ಕಂಪ್ರೆಸರ್ ಸುಮಾರು 8ರಿಂದ 12 ಗಂಟೆ ಓಡಿದ ಮೇಲೆ ಅದು ನಿಲ್ಲುತ್ತದೆ, ಹೀಟರ್ ಸ್ವಲ್ಪ ಹೊತ್ತು ಉರಿದು ಐಸ್ ಕರಗಿಸುತ್ತದೆ, ನೀರು ಪೈಪಿನಲ್ಲಿ ಇಳಿದು ಹಿಂದೆ ಕಂಪ್ರೆಸರ್ ಮೇಲಿನ ಟ್ರೇಗೆ ಬಿದ್ದು ಆವಿಯಾಗುತ್ತದೆ. ಇದಕ್ಕೆ ಡಿಫ್ರಾಸ್ಟ್ ಎನ್ನುತ್ತಾರೆ. ನಿಮಗೆ ಗೊತ್ತಾಗದ ಹಾಗೆ ದಿನವೂ ನಡೆಯುವ ಕೆಲಸ ಇದು.

ಈ ಹೀಟರ್ ಕೆಲಸ ನಿಲ್ಲಿಸಿತು ಎಂದು ಇಟ್ಟುಕೊಳ್ಳಿ. ಐಸ್ ಕರಗುವುದಿಲ್ಲ. ದಿನದಿಂದ ದಿನಕ್ಕೆ ದಪ್ಪವಾಗುತ್ತಾ ರೆಕ್ಕೆಗಳ ಸಂದು ಮುಚ್ಚುತ್ತದೆ. ಫ್ಯಾನ್ ತಿರುಗಿದರೂ ಗಾಳಿ ಹೋಗಲು ದಾರಿ ಇಲ್ಲ. ಫ್ರೀಜರ್ ಕಾಯಿಲ್‌ಗೆ ಹತ್ತಿರ ಇರುವ ಕಾರಣ ಅಷ್ಟಿಷ್ಟು ತಂಪು ಉಳಿಸಿಕೊಳ್ಳುತ್ತದೆ. ಕೆಳಗೆ ಮಾತ್ರ ಬೆಚ್ಚಗಾಗುತ್ತದೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಹೀಗೆಯೇ ಅಲ್ವಾ?

ಐಸ್ ಆಗುತ್ತದೆ ಅಂದ ಮಾತ್ರಕ್ಕೆ ಫ್ರೀಜರ್ ಸರಿ ಇದೆ ಎಂದು ತಿಳಿಯಬೇಡಿ. ನೀರು ಗಟ್ಟಿಯಾಗಲು ಸೊನ್ನೆಯಿಂದ ಸ್ವಲ್ಪ ಕೆಳಗೆ ಹೋದರೂ ಸಾಕು. ಐಸ್‌ಕ್ರೀಮ್ ಗಟ್ಟಿ ನಿಲ್ಲಬೇಕಾದರೆ ಅದಕ್ಕಿಂತ ತುಂಬ ಜಾಸ್ತಿ ಚಳಿ ಬೇಕು. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ನಿಮ್ಮದು ಅದರ ಹತ್ತಿರ ಇಲ್ಲ ಎನ್ನುವುದನ್ನು ಆ ಮೆತ್ತಗಿನ ಐಸ್‌ಕ್ರೀಮ್ ಹೇಳುತ್ತಿದೆ. ಅದನ್ನು ನೀವು ಗಮನಿಸಿ ಬರೆದದ್ದು ಒಳ್ಳೆಯದಾಯಿತು.

ಇನ್ನು ನಮ್ಮ ಊರು, ಈ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ಬಂದ್, ಯಾಂತ್ರಿಕ ಮೀನುಗಾರಿಕೆ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೇ ಕೊನೆಯಲ್ಲಿ ಕರಾವಳಿಯ ಮನೆಮನೆಯಲ್ಲೂ ಫ್ರೀಜರ್ ಭರ್ತಿ. ಅದರ ಬೆನ್ನಿಗೇ ಮಳೆ ಹಿಡಿಯುತ್ತದೆ. ಗೋಡೆಯೇ ಬೆವರುವಷ್ಟು ತೇವ. ಕಾಯಿಲ್‌ಗೆ ಐಸ್ ಕಟ್ಟಲು ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ನನಗೆ ಜೂನ್, ಜುಲೈಯಲ್ಲಿ ಬರುವ ‘ಕೂಲಿಂಗ್ ಇಲ್ಲ’ ಎನ್ನುವ ಫೋನುಗಳಲ್ಲಿ ಜಾಸ್ತಿ ಇದೇ ಸಮಸ್ಯೆ.

ಆಫ್ ಮಾಡುವ ಮೊದಲು ಎರಡು ಮೂರು ಸಣ್ಣ ಸಂಗತಿ ನೋಡಿಬಿಡಿ. ಫ್ರೀಜರಿನ ಹಿಂಗೋಡೆಯಲ್ಲಿ ಗಾಳಿ ಬರುವ ಸೀಳುಗಳಿವೆ. ಮೀನಿನ ಪ್ಯಾಕೆಟ್ ಅವಕ್ಕೆ ಒತ್ತಿಕೊಂಡು ಕೂತಿದ್ದರೆ ಅಷ್ಟೇ ಸಾಕು, ಕೆಳಗೆ ಗಾಳಿ ಇಳಿಯುವುದಿಲ್ಲ. ಆಮೇಲೆ ಫ್ಯಾನ್. ಫ್ರೀಜರ್ ಬಾಗಿಲು ತೆರೆದು, ಅಂಚಿನಲ್ಲಿರುವ ಸಣ್ಣ ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಕಂಪ್ರೆಸರ್ ಓಡುತ್ತಿರುವಾಗ ‘ಸುಯ್’ ಎಂದು ಗಾಳಿಯ ಸದ್ದು ಬರಬೇಕು, ಸೀಳಿನ ಹತ್ತಿರ ಕೈಗೆ ಚಳಿ ತಾಗಬೇಕು. ಏನೂ ಇಲ್ಲದಿದ್ದರೆ ಫ್ಯಾನ್ ಕೆಟ್ಟಿರಬಹುದು, ಅಥವಾ ಐಸಿಗೆ ಸಿಕ್ಕಿ ನಿಂತಿರಬಹುದು. ಕರಕರ ಎಂದು ಉಜ್ಜುವ ಸದ್ದು ಬಂದರೆ ಐಸ್ ಫ್ಯಾನಿನ ರೆಕ್ಕೆಯವರೆಗೆ ಬೆಳೆದಿದೆ ಎಂದೇ ಲೆಕ್ಕ.

ಮೂರನೆಯದು ಬಾಗಿಲಿನ ರಬ್ಬರ್. ಒಂದು ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುಚ್ಚಿ, ಮೆಲ್ಲ ಎಳೆಯಿರಿ. ಹಿಡಿದುಕೊಂಡ ಹಾಗೆ ಆಗಬೇಕು. ಸುಮ್ನೆ ಜಾರಿ ಬಂದರೆ ಆ ಜಾಗದಿಂದ ತೇವ ಒಳಗೆ ಹೋಗುತ್ತಿದೆ. ಸುತ್ತಲೂ ಎಂಟು ಹತ್ತು ಕಡೆ ಹೀಗೆ ನೋಡಿ, ಮುಖ್ಯವಾಗಿ ಕೆಳಗಿನ ಮೂಲೆಗಳಲ್ಲಿ. ಕೆಲವೊಮ್ಮೆ ರಬ್ಬರಿನ ಮಡಿಕೆಯಲ್ಲಿ ಹಿಟ್ಟು, ಸಕ್ಕರೆ ಪಾಕ ಒಣಗಿ ಕೂತಿರುತ್ತದೆ. ಬಿಸಿನೀರಿಗೆ ಸ್ವಲ್ಪ ಸೋಪು ಹಾಕಿ ಒರೆಸಿದರೆ ಮತ್ತೆ ಕಚ್ಚಿಕೊಳ್ಳುತ್ತದೆ.

ಇದೆಲ್ಲ ಸರಿ ಇದ್ದರೆ ಒಂದು ದಿನ ಆಫ್ ಮಾಡಿಡುವ ಪರೀಕ್ಷೆ ಮಾಡಿ. ಬೆಳಿಗ್ಗೆ ಎಲ್ಲ ಸಾಮಾನು ಖಾಲಿ ಮಾಡಿ, ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಲಿ. ಎರಡೂ ಬಾಗಿಲು ತೆರೆದಿಡಿ. ಕೆಳಗೆ ಹಳೇ ಟವೆಲ್, ಬೆಡ್‌ಶೀಟ್ ಹಾಸಿ, ಫ್ರೀಜರ್ ಒಳಗೂ ಒಂದು ಬಟ್ಟೆ ಇಡಿ. ಹಿಂದಿನ ಟ್ರೇ ತುಂಬಿ ಚೆಲ್ಲಬಹುದು, ಅದನ್ನು ನಡುನಡುವೆ ನೋಡುತ್ತಿರಿ. ಫ್ರಿಜ್ ಎದುರು ಒಂದು ಟೇಬಲ್ ಫ್ಯಾನ್ ಇಟ್ಟರೆ ಬೇಗ ಕರಗುತ್ತದೆ, ಆದರೆ ಅದರ ವೈರ್ ಒದ್ದೆ ನೆಲದಲ್ಲಿ ಇರಬಾರದು. ಕಣ್ಣಿಗೆ ಕಾಣುವ ಐಸ್ ಹೋಯಿತು ಎಂದು ಮಧ್ಯಾಹ್ನವೇ ಹಾಕಬೇಡಿ. ಪ್ಯಾನೆಲ್ ಹಿಂದಿನದ್ದು ಕರಗಲು ತುಂಬ ಹೊತ್ತು ಬೇಕು. ಪೂರ್ತಿ 24 ಗಂಟೆ ಬಿಡಿ.

ಚೂರಿ, ಸ್ಕ್ರೂ ಡ್ರೈವರ್, ಸೌಟಿನ ತುದಿ ಏನನ್ನೂ ಐಸಿಗೆ ಹಾಕಬೇಡಿ. ಇದನ್ನು ಕೈ ಮುಗಿದು ಕೇಳುತ್ತೇನೆ. ಸುರತ್ಕಲ್ ಕಡೆ ಒಂದು ಮನೆಗೆ ಹೋಗಿದ್ದೆ. ಸಿಂಗಲ್ ಡೋರ್ ಫ್ರಿಜ್, ನಾಲ್ಕೇ ವರ್ಷದ್ದು. ಫ್ರೀಜರಿಗೆ ಅಂಟಿದ ಮೀನಿನ ಡಬ್ಬಿ ಎಬ್ಬಿಸಲು ಅಲ್ಲಿಯ ಅಜ್ಜಿ ತೆಂಗಿನಕಾಯಿ ಬಿಡಿಸುವ ಚೂರಿ ಹಾಕಿದ್ದರು. ‘ಉಸ್ಸ್ ಎಂದು ಗಾಳಿ ಹೋಯಿತು ಮಗ, ಆಮೇಲೆ ತಣ್ಣಗೆ ಆಗಲೇ ಇಲ್ಲ’ ಎಂದರು. ಟಾರ್ಚ್ ಹಾಕಿ ನೋಡಿದರೆ ಅಲ್ಯೂಮಿನಿಯಂ ತಗಡಿನಲ್ಲಿ ಸಾಸಿವೆಯಷ್ಟು ತೂತು, ಸುತ್ತ ಎಣ್ಣೆಯ ತೆಳು ಪಸೆ. ಆ ಎಣ್ಣೆ ಕಂಪ್ರೆಸರಿನದ್ದು, ಗ್ಯಾಸಿನ ಜೊತೆ ಹೊರಗೆ ಬಂದದ್ದು. ಗ್ಯಾಸ್ ಹೋಗಿದೆ ಎಂದು ನಾನು ಧೈರ್ಯವಾಗಿ ಹೇಳುವುದು ಇಂಥದ್ದು ಕಂಡಾಗ.

ಮರುದಿನ ಪ್ಲಗ್ ಹಾಕಿ. ಮಧ್ಯದ ತಟ್ಟೆಯಲ್ಲಿ ಒಂದು ಲೋಟ ನೀರು ಇಟ್ಟು ಅದರೊಳಗೆ ಫ್ರಿಜ್ ಥರ್ಮಾಮೀಟರ್ ಇಡಿ. ಜ್ವರ ನೋಡುವುದು ಆಗುವುದಿಲ್ಲ. ಫ್ರಿಜ್‌ಗೆಂದೇ ಬೇರೆ ಸಿಗುತ್ತದೆ, ಬೆಲೆ ಜಾಸ್ತಿ ಇಲ್ಲ. ನೀರಿನಲ್ಲಿ ಯಾಕೆ ಅಂದರೆ, ಗಾಳಿಯ ಬಿಸಿ ಬಾಗಿಲು ತೆರೆದ ಕೂಡಲೇ ಏರುತ್ತದೆ. ಲೋಟದ ನೀರು ಒಳಗಿನ ಹಾಲಿನ ನಿಜವಾದ ಸ್ಥಿತಿ ತೋರಿಸುತ್ತದೆ. ಒಂದು ರಾತ್ರಿ ಕಳೆದ ಮೇಲೆ 3ರಿಂದ 5 ಡಿಗ್ರಿ ಒಳಗೆ ಬಂದರೆ ಫ್ರಿಜ್ ತಂಪು ಮಾಡುತ್ತಿದೆ ಎಂದಾಯಿತು.

ಹಾಗೆ ಬಂದರೆ, ನಿಮ್ಮ ಕಂಪ್ರೆಸರ್ ವೀಕ್ ಅಲ್ಲ, ಗ್ಯಾಸ್ ಎಲ್ಲಿಗೂ ಹೋಗಿಲ್ಲ. ಇಲ್ಲದ ಗ್ಯಾಸ್ ಒಂದು ದಿನ ಆಫ್ ಮಾಡಿದರೆ ವಾಪಸ್ ಬರುತ್ತದೆಯೇ? ಆ ಲೋಟದ ನೀರಿನ ಡಿಗ್ರಿಯನ್ನೇ ಮೆಕ್ಯಾನಿಕ್‌ಗೆ ತೋರಿಸಿ. ಆದರೆ ಸಮಸ್ಯೆ ಮುಗಿಯಿತು ಎಂದು ಕೂರಬೇಡಿ. ಈ ಮಳೆಗಾಲದಲ್ಲಿ ನಾಲ್ಕೈದು ದಿನಕ್ಕೋ, ಎರಡು ವಾರಕ್ಕೋ ಕೆಳಗೆ ಮತ್ತೆ ಬೆಚ್ಚಗಾದರೆ ಡಿಫ್ರಾಸ್ಟ್ ಭಾಗದಲ್ಲೇ ದೋಷ ಎಂದು ಖಚಿತ. ತಿಂಗಳಾದರೂ ಸರಿಯೇ ಇದ್ದರೆ ಪ್ಯಾಕೆಟ್ ಅಡ್ಡ ಬಂದದ್ದೋ, ರಾತ್ರಿ ಬಾಗಿಲು ಸರಿ ಮುಚ್ಚದೆ ಇದ್ದದ್ದೋ ಕಾರಣ ಇರಬೇಕು.

ಡಿಫ್ರಾಸ್ಟ್ ಎಂದಾದರೆ ನೋಡಬೇಕಾದ ಭಾಗ ನಾಲ್ಕೇ. ಹೀಟರ್, ಬಿಸಿ ಹೆಚ್ಚಾಗದ ಹಾಗೆ ಅದನ್ನು ನಿಲ್ಲಿಸುವ ಬೈಮೆಟಲ್, ಬೈಮೆಟಲ್ ಕೈಕೊಟ್ಟರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್, ಇವುಗಳಿಗೆ ಹೊತ್ತು ಹೇಳುವ ಟೈಮರ್. ಈಚಿನ ಮಾಡೆಲ್‌ಗಳಲ್ಲಿ ಟೈಮರ್ ಬದಲು ಬೋರ್ಡ್, ಬೈಮೆಟಲ್ ಬದಲು ಸೆನ್ಸರ್ ಇರುತ್ತದೆ. ಹೀಟರ್, ಬೈಮೆಟಲ್, ಫ್ಯೂಸ್ ಇವು ಕೆಲವು ನೂರು ರೂಪಾಯಿಯ ಸಾಮಾನು. ಬೋರ್ಡ್ ಮಾತ್ರ ಸ್ವಲ್ಪ ದುಬಾರಿ. ಇದನ್ನು ನೀವೇ ಬಿಚ್ಚಲು ಹೋಗಬೇಡಿ, ಕರೆಂಟಿನ ಕೆಲಸ. ಆದರೆ ಮೆಕ್ಯಾನಿಕ್ ಮಾಡುವಾಗ ಹತ್ತಿರ ನಿಂತು ನೋಡಿ. ‘ಮಲ್ಟಿಮೀಟರ್ ಹಾಕಿ ಯಾವುದು ಹೋಗಿದೆ ತೋರಿಸಿ’ ಎಂದು ಕೇಳಿ. ಕೇಳುವುದು ತಪ್ಪಲ್ಲ, ಒಳ್ಳೆಯ ಕೆಲಸಗಾರ ಸಂತೋಷದಿಂದಲೇ ತೋರಿಸುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ. ಬೈಮೆಟಲ್ ಎಂಬ ಆ ಬಟನ್ ಗಾತ್ರದ ವಸ್ತು ಚಳಿಯಲ್ಲಿ ಮಾತ್ರ ಕನೆಕ್ಷನ್ ಕೊಡುತ್ತದೆ. ಬಿಸಿಯಾದ ಕೂಡಲೇ ಬಿಟ್ಟುಬಿಡುತ್ತದೆ, ಹೀಟರ್ ಅತಿಯಾಗದಿರಲಿ ಎಂದು. ಅದನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟು ಮೀಟರ್ ಹಿಡಿದರೆ ಒಳ್ಳೆಯದೂ ಕೆಟ್ಟದರ ಹಾಗೆಯೇ ತೋರಿಸುತ್ತದೆ. ಚೆನ್ನಾಗಿ ಓಡುವ ಫ್ರೀಜರಿನಲ್ಲಿ ಒಂದಷ್ಟು ಹೊತ್ತು ಇಟ್ಟು, ತೆಗೆದ ಕೂಡಲೇ ನೋಡಬೇಕು. ಥರ್ಮಲ್ ಫ್ಯೂಸ್ ಹಾಗಲ್ಲ, ಅದು ಯಾವಾಗಲೂ ಕನೆಕ್ಷನ್ ತೋರಿಸಬೇಕು. ಅದು ಹೋಗಿದ್ದರೆ ಬೈಮೆಟಲ್ ಅಂಟಿಕೊಂಡು ಹೀಟರ್ ಜಾಸ್ತಿ ಉರಿದಿರುವ ಸಾಧ್ಯತೆ ಉಂಟು. ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸುವುದು ನನ್ನ ಪದ್ಧತಿ. ಬರೀ ಫ್ಯೂಸ್ ಹಾಕಿ ಹೋದರೆ ಕೆಲವೇ ದಿನದಲ್ಲಿ ಹೊಸ ಫ್ಯೂಸೂ ಹೋಗುತ್ತದೆ. ಪ್ಯಾನೆಲ್ ಬಿಚ್ಚಿದಾಗ ನೀರು ಇಳಿಯುವ ತೂತಿಗೆ ಬಿಸಿನೀರು ಹೊಯ್ದು ತೆರವು ಮಾಡಿಸಿ. ಆ ತೂತು ಕಟ್ಟಿದರೆ ಕರಗಿದ ನೀರು ಅಲ್ಲೇ ನಿಂತು ಮತ್ತೆ ಐಸಾಗುತ್ತದೆ. ಕೆಳಗಿನ ತರಕಾರಿ ಡಬ್ಬಿಯಲ್ಲಿ ನೀರು ನಿಲ್ಲುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ.

ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ. 24 ಗಂಟೆ ಆಫ್ ಮಾಡಿ ಹಾಕಿದ ಮೇಲೂ ಮೇಲೆ ಕೆಳಗೆ ಎರಡೂ ತಂಪಾಗಲಿಲ್ಲ, ಕಂಪ್ರೆಸರ್ ನಿಲ್ಲದೆ ಓಡುತ್ತಲೇ ಉಂಟು, ಫ್ರಿಜ್ ಬದಿಗಳು ಬಿಸಿಯೇ ಆಗುತ್ತಿಲ್ಲ. ಆಗ ಗ್ಯಾಸ್ ಲೀಕ್ ಎಂದು ಯೋಚಿಸಬೇಕು. ಬದಿ ಬಿಸಿ ಆಗುವುದು ದೋಷವಲ್ಲ, ಒಳಗಿನ ಬಿಸಿ ಹೊರಗೆ ಹೋಗುತ್ತಿರುವ ಗುರುತು. ಮೆಕ್ಯಾನಿಕ್ ಪ್ಯಾನೆಲ್ ಬಿಚ್ಚಿದಾಗ ನೀವೂ ಕಾಯಿಲ್ ನೋಡಿ. ಇಡೀ ಕಾಯಿಲ್ ಬಿಳಿ ಗೋಡೆಯ ಹಾಗೆ ದಪ್ಪ ಐಸಿನಲ್ಲಿ ಹೂತಿದ್ದರೆ ಅದು ಡಿಫ್ರಾಸ್ಟ್ ದೋಷ. ಗ್ಯಾಸ್ ಒಳಗೆ ಬರುವ ತುದಿಯಲ್ಲಿ ಎರಡು ಮೂರು ಸುತ್ತು ಮಾತ್ರ ಬೆಳ್ಳಗಾಗಿ, ಉಳಿದದ್ದು ಬರಿದಾಗಿದ್ದರೆ ಗ್ಯಾಸ್ ಕಮ್ಮಿ. ಈ ಎರಡು ಚಿತ್ರ ನೆನಪಿಟ್ಟರೆ ನಿಮಗೆ ಯಾರೂ ಸುಳ್ಳು ಹೇಳಲು ಆಗುವುದಿಲ್ಲ.

ಫ್ರಿಜ್ ಗ್ಯಾಸ್ ಅಡುಗೆ ಸಿಲಿಂಡರಿನ ಹಾಗೆ ಬಳಸಿದಷ್ಟು ಮುಗಿಯುವುದಲ್ಲ. ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಎಂಟು ವರ್ಷವಾಯಿತು, ಖಾಲಿಯಾಗಿದೆ ಎನ್ನುವುದು ಸರಿಯಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ತೂತು ಉಂಟು ಎಂದೇ ಅರ್ಥ. ತೂತು ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಅದೇ ದಾರಿ ಹಿಡಿಯುತ್ತದೆ. ಕಡಲ ಬದಿಯ ಮನೆಗಳಲ್ಲಿ ತೂತು ಬೀಳುವುದು ಹೊಸತಲ್ಲ. ಉಪ್ಪಿನ ಗಾಳಿಗೆ ಹಿಂದಿನ ಪೈಪು, ಬೆಸುಗೆ ಹಾಕಿದ ಜಾಯಿಂಟ್ ತುಕ್ಕು ಹಿಡಿಯುತ್ತವೆ. ಹೊರಗಿನ ಪೈಪಾದರೆ ರಿಪೇರಿ ಆಗುತ್ತದೆ. ಗೋಡೆಯ ಫೋಮಿನೊಳಗೆ ಹುದುಗಿದ ಪೈಪಾದರೆ, ಎಂಟು ವರ್ಷದ ಫ್ರಿಜ್‌ಗೆ ನಾನಂತೂ ದುಡ್ಡು ಹಾಕಿಸುವುದಿಲ್ಲ. ಹೊಸದೇ ತೆಗೊಳ್ಳಿ ಎನ್ನುತ್ತೇನೆ.

ಫ್ರಿಜ್ ಹಿಂದೆ ಅಥವಾ ಒಳಗೆ ಒಂದು ಚೀಟಿ ಇರುತ್ತದೆ. ಅದರಲ್ಲಿ ಗ್ಯಾಸಿನ ಹೆಸರು, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ‘ಆರ್600ಎ’ ಎಂದಿದ್ದರೆ ಅದು ಐಸೋಬ್ಯೂಟೇನ್, ಬೆಂಕಿ ಹಿಡಿಯುವ ಗ್ಯಾಸ್. ಅದನ್ನು ಮುಚ್ಚಿದ ಅಡುಗೆ ಕೋಣೆಯಲ್ಲಿ, ಒಲೆ ಉರಿಯುತ್ತಿರುವಾಗ ಬಿಚ್ಚಬಾರದು. ಕಿಟಕಿ ಬಾಗಿಲು ತೆರೆದಿರಲಿ. ಒಳಗೆ ಅದೇ ಗ್ಯಾಸ್, ಅಷ್ಟೇ ಗ್ರಾಂ ತೂಕ ಮಾಡಿ ಹಾಕಬೇಕು. ತಕ್ಕಡಿ ಇಲ್ಲದೆ ಅಂದಾಜಿಗೆ ಹಾಕುವವರಿಗೆ ಆ ಕೆಲಸ ಕೊಡಬೇಡಿ.

ಕಂಪ್ರೆಸರ್ ವೀಕ್ ಎಂಬ ಮಾತನ್ನು ಐದು ನಿಮಿಷದಲ್ಲಿ ಹೇಳಲು ಸಾಧ್ಯ ಇಲ್ಲ. ಕಂಪ್ರೆಸರ್ ಒಂದೇ ಸಮ ಗುಂಯ್ ಎನ್ನುತ್ತಿದ್ದರೆ ಸದ್ಯಕ್ಕೆ ಅದನ್ನು ಬಿಡಿ. ‘ಟಕ್’ ಎಂದು ಶುರುವಾಗಿ, ಕೆಲವು ಸೆಕೆಂಡು ನರಳಿ, ಮತ್ತೆ ‘ಟಕ್’ ಎಂದು ನಿಲ್ಲುತ್ತಿದ್ದರೆ ಮಾತ್ರ ಅದರ ಕಡೆ ನೋಡಬೇಕು. ಆಗಲೂ ಮೊದಲು ಪಕ್ಕದಲ್ಲಿರುವ, ಕಂಪ್ರೆಸರ್ ಶುರು ಮಾಡುವ ರಿಲೇ, ಅತಿ ಬಿಸಿಯಾದರೆ ಅದನ್ನು ನಿಲ್ಲಿಸುವ ಓವರ್‌ಲೋಡ್ ನೋಡಿಸಿ, ಅವೂ ಸಣ್ಣ ಬೆಲೆಯವು. ವೋಲ್ಟೇಜನ್ನೂ ನೋಡಿ. 230 ಇರಬೇಕಾದ ಕಡೆ ಮಳೆಗಾಲದ ಸಂಜೆ 180ರ ಹತ್ತಿರ ಇಳಿದರೆ ಹಳೇ ತರದ ಕಂಪ್ರೆಸರ್ ಏಳಲು ಒದ್ದಾಡುತ್ತದೆ. ನಿಮ್ಮಲ್ಲಿ ಹಾಗೆ ಇಳಿಯುತ್ತಿದ್ದರೆ ಸ್ಟೆಬಿಲೈಸರ್ ಹಾಕಿ. ಬಿಲ್ಲು ಇದ್ದರೆ ಹುಡುಕಿ ಇಡಿ, ಹಲವು ಕಂಪನಿಗಳು ಕಂಪ್ರೆಸರ್‌ಗೆ ಮಾತ್ರ ಹತ್ತು ವರ್ಷದ ಗ್ಯಾರಂಟಿ ಕೊಟ್ಟಿರುತ್ತವೆ. ಗ್ಯಾಸು, ಕೂಲಿ ಅದರಲ್ಲಿ ಸೇರುತ್ತದೋ ಇಲ್ಲವೋ ಎಂದು ಕಾರ್ಡಿನಲ್ಲಿ ಓದಿ.

ಸಿಂಗಲ್ ಡೋರ್ ಇರುವವರಿಗೆ ಇಷ್ಟೆಲ್ಲ ಬೇಡ. ಅದರಲ್ಲಿ ಹೀಟರ್, ಫ್ಯಾನ್ ಇಲ್ಲ. ಫ್ರೀಜರಿನಲ್ಲಿ ಐಸ್ ಬೆರಳಿನಷ್ಟು ದಪ್ಪ ಆಗುವ ಮೊದಲೇ ರಾತ್ರಿ ಡಿಫ್ರಾಸ್ಟ್ ಬಟನ್ ಒತ್ತಿ ಮಲಗಿ, ಬೆಳಿಗ್ಗೆ ನೀರು ಚೆಲ್ಲಿ.

ರಿಪೇರಿ ಆದ ಮೇಲೆ ಮೀನು ವಾಪಸ್ ಇಡುವಾಗ, ಎಲ್ಲವನ್ನೂ ಒಂದೇ ಸಲ ತುರುಕಬೇಡಿ. ಫ್ರಿಜ್ ಒಂದು ರಾತ್ರಿ ಖಾಲಿ ಓಡಲಿ. ಮರುದಿನ ನೆರೆಮನೆಯ ಫ್ರೀಜರಿನಿಂದ ತಂದ ಮೀನನ್ನು ಸ್ವಲ್ಪ ಸ್ವಲ್ಪವೇ ಇಡಿ. ಇನ್ನು ಮುಂದೆ ಹೊಸ ಮೀನು ತಂದಾಗ ಒಂದು ಹೊತ್ತಿನ ಸಾರಿಗೆ ಆಗುವಷ್ಟು ಸಣ್ಣ ಚಪ್ಪಟೆ ಪ್ಯಾಕೆಟ್ ಮಾಡಿ ಇಡಿ. ದಪ್ಪ ಡಬ್ಬಿಗಿಂತ ಅದು ಬೇಗ ಗಟ್ಟಿಯಾಗುತ್ತದೆ, ಬೇಕಾದಷ್ಟೇ ತೆಗೆಯಲಿಕ್ಕೂ ಆಗುತ್ತದೆ. ಹಿಂಗೋಡೆಯ ಸೀಳಿನ ಮುಂದೆ ಎರಡು ಬೆರಳು ಜಾಗ ಬಿಡಿ. ಆ ಲೋಟ, ಥರ್ಮಾಮೀಟರ್ ಎರಡು ವಾರ ಅಲ್ಲೇ ಇರಲಿ. ಬೆಳಿಗ್ಗೆ ಹಾಲು ತೆಗೆಯುವಾಗ ಒಮ್ಮೆ ನೋಡಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಡಿಗ್ರಿ ದಿನಕ್ಕೆ ಸ್ವಲ್ಪ ಸ್ವಲ್ಪ ಏರುತ್ತಾ 7, 8 ದಾಟಿದರೆ ಹಾಲು ಒಡೆಯುವವರೆಗೆ ಕಾಯದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಬರೆದಿಟ್ಟದ್ದನ್ನು ಓದಿ ಹೇಳಿ.